ಅತ್ತೆಯ ಕೊರಳಿಗೆ ಬೆಲ್ಟು

ನಮ್ಮ ನಗರಸಭೆಯಲ್ಲಿ ಸಾಕುಪ್ರಾಣಿ ಶಾಖೆ ಎಂಬುದೊಂದು ಇದೆ ಎಂದು ನಗರಸಭೆಗೇ ಆಗಾಗ ನೆನಪಿಸಬೇಕಾಗುತ್ತದೆ. ಮೆಟ್ಟಿಲ ಕೆಳಗಿನ ಕೋಣೆ. ನೆಟ್ಟಗೆ ನಿಂತರೆ ತಲೆಗೆ ಮೆಟ್ಟಿಲು ತಗುಲುವುದರಿಂದ ಇಲ್ಲಿ ಕೆಲಸ ಮಾಡುವವರಿಗೆ ತಲೆಯೆತ್ತಿ ಮಾತಾಡುವ ಅಭ್ಯಾಸವಿಲ್ಲ. ಒಳಗೆ ಎರಡು ಮೇಜು. ಒಂದು ನನ್ನದು. ಇನ್ನೊಂದು ಒಂದುವೇಳೆಯದು.

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ, ಸಂಬಳದ ದಿನ ಮಾತ್ರ ಕೇಳಿಬರುತ್ತದೆ. ಆದರೆ ಬಾಯಿ ತೆರೆದರೆ ‘ಒಂದು ವೇಳೆ’ ಎಂದೇ ಶುರು ಮಾಡುವ ಮನುಷ್ಯನನ್ನು ಇನ್ನೇನೆಂದು ಕರೆಯುವುದು? ಮಳೆ ಬರೋ ಹಾಗಿದೆ, ಕೊಡೆ ತಗೋ ಎಂದರೆ, “ಒಂದು ವೇಳೆ ಗಾಳಿ ಬಂದ್ರೆ?” ಗಾಳಿ ಬಂದರೆ ಮಡಚು ಎಂದರೆ, “ಒಂದು ವೇಳೆ ಮಡಚೋಕೆ ಆಗದೆ ಹೋದ್ರೆ?” ತನ್ನ ಮದುವೆಯ ದಿನ ಉಂಗುರ ಬಿಗಿಯಾದರೆ ಇರಲಿ ಎಂದು ಜೇಬಿನಲ್ಲಿ ಸೋಪಿನ ಚೂರು ಇಟ್ಟುಕೊಂಡಿದ್ದನಂತೆ. ಉಂಗುರ ಸಡಿಲವಾಗಿತ್ತು, ಸೋಪು ಕರಗಿ ಹೊಸ ಪ್ಯಾಂಟು ನೊರೆ ಬಿಟ್ಟಿತು.

ನಾನು ಅವನ ಪಕ್ಕದ ಮೇಜಿನವನು ಮಾತ್ರವಲ್ಲ, ಪಕ್ಕದ ಮನೆಯವನೂ ಹೌದು. ನಡುವೆ ಇರುವ ಗೋಡೆ ಬಹಳ ತೆಳು. ಆದ್ದರಿಂದ ಮುಂದೆ ಹೇಳುವುದರಲ್ಲಿ ನಾನು ಕದ್ದು ಕೇಳಿದ್ದು ಏನೂ ಇಲ್ಲ, ತಾನಾಗಿ ಕೇಳಿಸಿದ್ದೇ ಎಲ್ಲ. ಕೆಲವು ಸಲ ಸರಿಯಾಗಿ ಕೇಳಿಸಲಿ ಎಂದು ನಾನು ಗೋಡೆಗೆ ಹತ್ತಿರವಾಗಿ ಕೂತಿರಬಹುದು, ಅಷ್ಟೆ.

ಒಂದುವೇಳೆಯ ಮನೆಯಲ್ಲಿ ನಾಲ್ವರು. ಅವನು, ಅವನ ಹೆಂಡತಿ, ಹೆಂಡತಿಯ ತಾಯಿ, ಮತ್ತು ದೊರೆ. ದೊರೆ ಎಂದರೆ ನಾಯಿ. ಮಾವ ತೀರಿಕೊಂಡ ವರ್ಷ ಅದು ಎಲ್ಲಿಂದಲೋ ಬಂದು ಅತ್ತೆಯ ಕಾಲ ಬಳಿ ಕೂತಿತು, ಕೂತದ್ದು ಎದ್ದಿಲ್ಲ. ಈಗ ಮುದಿಯಾಗಿದೆ. ಒಂದು ಕಣ್ಣು ಕಾಣಿಸದು, ಒಂದು ಕಿವಿ ಕೇಳಿಸದು. ಉಳಿದ ಕಣ್ಣು, ಉಳಿದ ಕಿವಿ ಎರಡೂ ಅತ್ತೆಗೇ ಮೀಸಲು. ಅತ್ತೆಯೂ ಅಷ್ಟೆ. ಮಗಳಿಗೆ ಹೇಳದ್ದನ್ನು ದೊರೆಗೆ ಹೇಳುತ್ತಾರೆ, ಅದು ಕೇಳಿಸದ ಕಿವಿಯ ಕಡೆ ಹೇಳಿದ್ದು ಗೊತ್ತಾದರೆ ಎದ್ದು ಆ ಕಡೆ ಹೋಗಿ ಮತ್ತೆ ಹೇಳುತ್ತಾರೆ.

ಅತ್ತೆ ಇರುವುದು ಒಂದುವೇಳೆಯ ಮನೆಯಲ್ಲಿ, ಹೊಗಳುವುದು ಷಡ್ಡಕನನ್ನು. ಷಡ್ಡಕ ಎಂದರೆ ಹೆಂಡತಿಯ ಅಕ್ಕನ ಗಂಡ. ಲಿಫ್ಟ್ ಕಂಪನಿಯಲ್ಲಿ ದೊಡ್ಡ ಕೆಲಸ. “ಇಡೀ ಊರನ್ನ ಮೇಲಕ್ಕೆತ್ತೋನು ನಾನು” ಎಂಬುದು ಆತನ ಮಾಮೂಲಿ ಮಾತು. ಆ ಭಾನುವಾರವೂ ಊಟಕ್ಕೆ ಬಂದವನು ಅದನ್ನೇ ಹೇಳಿ, ನಕ್ಕು, ಒಂದುವೇಳೆಯ ಕಡೆ ತಿರುಗಿದ.

“ನೀವಿನ್ನೂ ಅದೇ ಮೆಟ್ಟಿಲ ಕೆಳಗೇನಾ? ನಾಯಿಗಳ ಲೆಕ್ಕ ಬರ್ಕೊಂಡು?”

ಒಂದುವೇಳೆ ತಟ್ಟೆ ನೋಡುತ್ತ ಕೂತಿದ್ದ. ಅತ್ತೆ ಷಡ್ಡಕನಿಗೆ ಎರಡನೇ ಸೌಟು ಬಡಿಸುತ್ತಿದ್ದರು. ಒಂದುವೇಳೆಗೆ ಆ ಮನೆಯಲ್ಲಿ ಎರಡನೇ ಸೌಟು ಬಂದ ಉದಾಹರಣೆಯೇ ಇಲ್ಲ. ಬೇಕೇ ಎಂದು ಕೇಳುತ್ತಾರೆ, ಅವನು ‘ಒಂದು ವೇಳೆ’ ಎನ್ನುವಷ್ಟರಲ್ಲಿ ಪಾತ್ರೆ ಒಳಗೆ ಹೋಗಿರುತ್ತದೆ.

“ಇಲ್ಲ,” ಎಂದ ಒಂದುವೇಳೆ. “ಈಗ ನಾನು ಎಕ್ಸ್‌ಎಮ್‌ಎಲ್ ಬರೀತಿದೀನಿ.”

ಆ ಪದ ಅವನಿಗೆ ಗೊತ್ತಿದ್ದದ್ದು ಶುಕ್ರವಾರ ಬಂದ ಸುತ್ತೋಲೆಯಿಂದ. ಅದನ್ನು ಅವನು ಓದಿರಲೂ ಇಲ್ಲ, ಟೀ ಲೋಟದ ಕೆಳಗೆ ಇಟ್ಟಿದ್ದ.

“ಹಾಗಂದ್ರೆ?” ಎಂದ ಷಡ್ಡಕ.

“ಹೇಳಿದ್ರೆ ನಿಮಗೆ ಅರ್ಥ ಆಗಲ್ಲ ಬಿಡಿ.”

ಅತ್ತೆಯ ಕೈಯ ಸೌಟು ಗಾಳಿಯಲ್ಲಿ ನಿಂತಿತು. ಷಡ್ಡಕನಿಗೆ ಅರ್ಥವಾಗದ್ದೂ ಒಂದು ಲೋಕದಲ್ಲಿದೆ ಎಂದು ಅವರಿಗೆ ತಿಳಿದದ್ದು ಅಂದೇ. ಸೌಟು ನಿಧಾನವಾಗಿ ದಿಕ್ಕು ಬದಲಿಸಿತು. ಒಂದುವೇಳೆಯ ತಟ್ಟೆಗೆ ಎರಡನೇ ಸಲ ಬಡಿಸಿದ ಆ ಸದ್ದು ಗೋಡೆಯಾಚೆ ನನಗೂ ಕೇಳಿಸಿತು.

ಸೋಮವಾರ ಬೆಳಿಗ್ಗೆ ತರಕಾರಿ ಅಂಗಡಿಯಲ್ಲಿ ಅತ್ತೆ, “ನಮ್ಮ ಅಳಿಯಂದ್ರು ಎಕ್ಸ್‌ಎಮ್‌ಎಲ್ ಬರೀತಾರೆ, ಹೇಳಿದ್ರೆ ನಿಮಗೆ ಅರ್ಥ ಆಗಲ್ಲ” ಎಂದು ಯಾರಿಗೆ ಹೇಳಿದರೋ ಆಕೆ ನಮ್ಮ ಮೇಲಧಿಕಾರಿಯ ಹೆಂಡತಿ. ಊಟದ ವಿರಾಮದ ಹೊತ್ತಿಗೆ ಮೇಲಧಿಕಾರಿ ಸ್ವತಃ ಮೆಟ್ಟಿಲ ಕೆಳಗೆ ತಲೆ ತಗ್ಗಿಸಿ ನುಸುಳಿ ಬಂದರು.

“ಏನ್ರೀ, ಇಷ್ಟು ದೊಡ್ಡ ವಿದ್ಯೆ ಇಟ್ಕೊಂಡು ಇಲ್ಲಿ ಬಚ್ಚಿಟ್ಕೊಂಡಿದೀರಾ! ಆಯುಕ್ತರು ಅದನ್ನ ಬರೆಯೋರು ಯಾರು ಯಾರು ಅಂತ ನನ್ನ ಪ್ರಾಣ ತಿಂತಿದಾರೆ.”

“ಸರ್, ಒಂದು ವೇಳೆ…”

“ಒಂದು ವೇಳೆ ಇಲ್ಲ, ಎರಡು ವೇಳೆ ಇಲ್ಲ. ನೀವೇ.”

ಎಕ್ಸ್‌ಎಮ್‌ಎಲ್ ಎಂದರೆ ಹೆದರುವಂಥದ್ದೇನಲ್ಲ. ನನಗೇ ಅರ್ಥವಾದ ಮೇಲೆ ಉಳಿದವರಿಗೆ ಆಗದಿರುತ್ತದೆಯೇ? ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಡುವ ವಿದ್ಯೆ ಅದು. ಪ್ರತಿ ಪೆಟ್ಟಿಗೆಗೂ ಒಂದು ಹೆಸರು, ತೆರೆದದ್ದನ್ನು ಮುಚ್ಚಲೇಬೇಕು. ‘ಮನೆ’ ಎಂಬುದು ದೊಡ್ಡ ಪೆಟ್ಟಿಗೆ. ಅದರೊಳಗೆ, ಆ ಮನೆಯಲ್ಲಿ ಉಸಿರಾಡುವ ಪ್ರತಿಯೊಬ್ಬರಿಗೂ ‘ಜೀವಿ’ ಎಂಬ ಒಂದೊಂದು ಪೆಟ್ಟಿಗೆ. ಪ್ರತಿ ಜೀವಿಯ ಮೇಲೂ ಅದರ ಬಗೆ ಬರೆದಿರುತ್ತದೆ: ಮನುಷ್ಯ, ನಾಯಿ, ಬೆಕ್ಕು, ಗಿಳಿ. ಎಲ್ಲರನ್ನೂ ಹೀಗೆ ಒಂದೇ ಕಡತಕ್ಕೆ ತುಂಬುವುದು ಆಯುಕ್ತರ ಕನಸಿನ ಯೋಜನೆ, ‘ಒಂದು ಮನೆ, ಒಂದು ಕಡತ’.

ಯಾವ ಪೆಟ್ಟಿಗೆಯಲ್ಲಿ ಏನಿರಬೇಕು ಎಂದು ಹೇಳುವ ನಿಯಮದ ಕಡತ ಬೇರೆ. ಅದೇ ಒಂದುವೇಳೆಯ ಪಾಲಿಗೆ ಬಂದದ್ದು. ಜೀವಿಯ ಬಗೆ ನಾಯಿಯಾದರೆ ಅದರೊಳಗೆ ಚುಚ್ಚುಮದ್ದು, ಕೊರಳಿನ ಬೆಲ್ಟು, ಬಾಯಿಗೆ ಹಾಕುವ ಕುಕ್ಕೆ, ಈ ಮೂರರ ಪೆಟ್ಟಿಗೆಗಳು ಇರಲೇಬೇಕು. ನಾಯಿ ಅಲ್ಲದಿದ್ದರೆ ಇರಲೇಕೂಡದು. ಯಂತ್ರ ಪ್ರತಿ ಮನೆಯ ಕಡತವನ್ನೂ ನಿಯಮದ ಜೊತೆ ಹೊಂದಿಸಿ ನೋಡುತ್ತದೆ. ಹೊಂದಿದರೆ ಹಸಿರು, ಹೊಂದದಿದ್ದರೆ ಕೆಂಪು ಮತ್ತು ಮನೆಗೊಂದು ನೋಟಿಸು. ಕೊನೆಯ ದಿನದೊಳಗೆ ಹಸಿರಾಗದ ಮನೆಯ ನಾಯಿಯನ್ನು ನಗರಸಭೆಯ ವ್ಯಾನು ಕೊಂಡೊಯ್ಯುತ್ತದೆ. ಆ ವ್ಯಾನು ಹತ್ತಿದ ಮುದಿ ನಾಯಿ ಮರಳಿ ಬಂದದ್ದನ್ನು ನಾನು ನನ್ನ ನೌಕರಿಯಲ್ಲಿ ಕಂಡಿಲ್ಲ.

ಒಂದುವೇಳೆ ಗ್ರಂಥಾಲಯದಿಂದ ದಪ್ಪ ಪುಸ್ತಕ ತಂದ. ಓದಿದ. ಅವನ ಮುಖ ಅರಳಿದ್ದನ್ನು ನಾನು ಅಷ್ಟು ವರ್ಷದಲ್ಲಿ ಮೊದಲ ಸಲ ನೋಡಿದೆ.

“ನೋಡು! ‘ಹೀಗಿದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ.’ ಇಡೀ ಭಾಷೇನೇ ನನ್ನ ಥರ ಮಾತಾಡುತ್ತೆ ಕಣೋ!”

ಅಲ್ಲಿಗೆ ನಿಂತಿದ್ದರೆ ನಗರ ಉಳಿಯುತ್ತಿತ್ತು. ನಿಯಮ ಬರೆದು ಮುಗಿಸಿದವನು ಕುರ್ಚಿಯಲ್ಲಿ ಒರಗಿ, ಸೂರಿನ ಕಡೆ, ಅಂದರೆ ಮೆಟ್ಟಿಲ ಕಡೆ ನೋಡಿ, “ಒಂದು ವೇಳೆ ಒಂದೇ ಮನೇಲಿ ಎರಡು ನಾಯಿ ಇದ್ರೆ?” ಎಂದ.

“ಎರಡಕ್ಕೂ ಬೆಲ್ಟು,” ಎಂದೆ.

“ಒಂದು ವೇಳೆ ಒಂದಕ್ಕೆ ನಿಯಮ ತಗುಲಿ ಇನ್ನೊಂದು ತಪ್ಪಿಸ್ಕೊಂಡ್ರೆ?”

ಅವನು ಮತ್ತೆ ಬಾಗಿ ಕೂತ. ಷರತ್ತನ್ನು ಜೀವಿಯ ಪೆಟ್ಟಿಗೆಯಿಂದ ಬಿಚ್ಚಿ ಮನೆಯ ಪೆಟ್ಟಿಗೆಗೆ ಕಟ್ಟಿದ. ಈ ಮನೆಯಲ್ಲಿ ನಾಯಿ ಎಂಬುದೊಂದು ಇದ್ದರೆ, ಈ ಮನೆಯ ಪ್ರತಿ ಜೀವಿಗೂ ಚುಚ್ಚುಮದ್ದು, ಬೆಲ್ಟು, ಕುಕ್ಕೆ ಇರಲೇಬೇಕು. ಇನ್ನು ಯಾವ ನಾಯಿ ತಪ್ಪಿಸಿಕೊಳ್ಳುತ್ತದೆ ನೋಡೋಣ ಎಂದು ಮೀಸೆ ತಿರುವಿದ. ಪರೀಕ್ಷೆಗೆಂದು ನಗರಸಭೆಯ ಗೋದಾಮಿನ ಕಡತ ಹಾಕಿದ. ಗೋದಾಮಿನಲ್ಲಿ ವಾಸವಿರುವುದು ಒಂದು ಕಾವಲು ನಾಯಿ ಮಾತ್ರ. ಹಸಿರು ಬಂತು. ನಾವಿಬ್ಬರೂ ಕೈಕುಲುಕಿದೆವು. ಅದರಲ್ಲಿ ನನ್ನ ಕೈಯೂ ಇತ್ತು ಎಂದು ನಾನು ಒಪ್ಪಿಕೊಳ್ಳುತ್ತೇನೆ, ಕುಲುಕುವ ಮಟ್ಟಿಗೆ.

ಮೊದಲ ನೋಟಿಸು ಹೋದದ್ದು ನಮ್ಮ ಬೀದಿಯ ನಿವೃತ್ತ ಹೆಡ್‌ಮಾಸ್ತರರಿಗೆ. ‘ತಮ್ಮ ಮನೆಯಲ್ಲಿ ನಾಯಿ ಇರುವುದರಿಂದ, ಕೆಳಕಂಡ ಜೀವಿಗಳಿಗೆ ಚುಚ್ಚುಮದ್ದು, ಬೆಲ್ಟು ಮತ್ತು ಕುಕ್ಕೆ ಇಲ್ಲದಿರುವುದು ಗಮನಕ್ಕೆ ಬಂದಿದೆ. ತಾವು. ತಮ್ಮ ಪತ್ನಿ. ತಮ್ಮ ಗಿಳಿ. ತಪ್ಪಿದಲ್ಲಿ ನಾಯಿಯನ್ನು ವಶಕ್ಕೆ ಪಡೆಯಲಾಗುವುದು.’

ಹೆಡ್‌ಮಾಸ್ತರರು ಆಜ್ಞೆ ಕೊಟ್ಟೂ ಪಾಲಿಸಿಯೂ ಬದುಕಿದವರು. ಕನ್ನಡಕ ಒರೆಸಿ ಎರಡು ಸಲ ಓದಿದರು.

“ವಿಚಿತ್ರವಾಗಿದೆ. ಆದ್ರೆ ಮೊಹರು ಇದೆ.”

“ಮೊದಲು ಇವರಿಗೆ ಕುಕ್ಕೆ ಹಾಕ್ಸಿ,” ಎಂದು ಅವರ ಹೆಂಡತಿ ಒಳಗಿನಿಂದ ಕೂಗಿದರು. “ಉಳಿದಿದ್ದು ಆಮೇಲೆ ನೋಡೋಣ.”

ಪಶುವೈದ್ಯರ ಬಳಿ ಸಾಲು ರಸ್ತೆಗೆ ಬಂತು. “ನಾನು ಮನುಷ್ಯರಿಗೆ ಸೂಜಿ ಚುಚ್ಚಲ್ಲ, ಅದಕ್ಕೆ ಬೇರೆ ಡಾಕ್ಟರ್ ಇದಾರೆ” ಎಂದು ಅವರು ಎಷ್ಟು ಹೇಳಿದರೂ ಜನ ಕದಲಲಿಲ್ಲ. ಸೂಜಿ ಬೇಡ, ತಪಾಸಣೆಯಾದರೂ ಮಾಡಿ ಎಂದರು. ವೈದ್ಯರು ಸೋತು ಹೆಡ್‌ಮಾಸ್ತರರನ್ನು ತಕ್ಕಡಿಯ ಮೇಲೆ ನಿಲ್ಲಿಸಿದರು, ಹಲ್ಲು ನೋಡಿದರು, ಅಭ್ಯಾಸಬಲದಿಂದ ಕಿವಿಯ ಹಿಂದೆ ಕೆರೆದರು.

“ಕಚ್ಚೋ ಅಭ್ಯಾಸ ಇದೆಯಾ?”

“ಮಾತಲ್ಲಿ,” ಎಂದರು ಹೆಂಡತಿ.

ಕಿವಿಯ ಹಿಂದೆ ಕೆರೆದದ್ದು ಬಹಳ ಹಿತವಾಗಿತ್ತು ಎಂದು ಹೆಡ್‌ಮಾಸ್ತರರು ಆಮೇಲೆ ನನ್ನೊಬ್ಬನ ಹತ್ತಿರ ಹೇಳಿದ್ದಾರೆ.

ಪ್ರಾಣಿ ಸಾಮಾನಿನ ಅಂಗಡಿಯವನ ಕಥೆ ಕೇಳಬೇಡಿ. ವರ್ಷಪೂರ್ತಿ ನೊಣ ಹೊಡೆಯುತ್ತಿದ್ದವನು ಈಗ ಬಾಗಿಲಿಗೆ ಆಳುದ್ದದ ಕನ್ನಡಿ ಹಾಕಿಸಿದ್ದ. “ಮೇಡಂ, ಆಲ್ಸೇಷಿಯನ್ ಸೈಜ್ ನಿಮಗೆ ದೊಡ್ಡದಾಗುತ್ತೆ. ನಿಮ್ಮದು ಏನಿದ್ರೂ ಪಮೇರಿಯನ್ ಕತ್ತು!” ಎಂದರೆ ಆ ಮೇಡಂ ನಾಚಿ, ಇನ್ನೊಂದು ಬಣ್ಣದ್ದೂ ಕೊಡಿ ಎನ್ನುತ್ತಿದ್ದರು. ಬ್ಯಾಂಕಿನ ಮ್ಯಾನೇಜರು ಟೈ ಮೇಲೆ ಬೆಲ್ಟು ಹಾಕಬೇಕೋ ಬೆಲ್ಟಿನ ಮೇಲೆ ಟೈ ಕಟ್ಟಬೇಕೋ ಎಂದು ಫೋನು ಮಾಡಿ ಕೇಳಿದರು. ಒಂದುವೇಳೆ ಫೋನನ್ನು ನನ್ನ ಕೈಗೆ ಕೊಟ್ಟ. ನಾನು ಟೈ ಮೇಲೆ ಎಂದೆ. ಏನಾದರೂ ಒಂದು ಹೇಳಬೇಕಲ್ಲ.

ತಪ್ಪು ಎಲ್ಲಿ ಆಗಿದೆ ಎಂದು ಒಂದುವೇಳೆಗೆ ಆ ಹೊತ್ತಿಗಾಗಲೇ ಗೊತ್ತಾಗಿತ್ತು. ಷರತ್ತನ್ನು ಮನೆಯಿಂದ ಬಿಚ್ಚಿ ಜೀವಿಗೆ ಕಟ್ಟಿದರೆ ಮುಗಿಯಿತು, ಟೀ ಆರುವ ಮುಂಚೆ ಆಗುವ ಕೆಲಸ. ಓಡಿಹೋಗಿ ಮೇಲಧಿಕಾರಿಗೆ ಹೇಳಿದ. ಅವರು ಬಾಗಿಲು ಹಾಕಿ ಚಿಲಕ ಜಡಿದರು.

“ಮೆಲ್ಲಗೆ ಮಾತಾಡಿ! ಮನುಷ್ಯರಿಗೆ ಯಾಕ್ರೀ ಬೆಲ್ಟು ಅಂತ ಆಯುಕ್ತರು ಬೆಳಿಗ್ಗೆನೇ ಕೇಳಿದ್ರು. ನಾನೇನು ಹೇಳ್ಲಿ? ‘ಸರ್, ಮನೇಲಿ ನಾಯಿಗೆ ಒಂದಕ್ಕೇ ಬೆಲ್ಟು ಹಾಕಿದ್ರೆ ಅದಕ್ಕೆ ಅವಮಾನ ಅಲ್ವಾ, ಅದಕ್ಕೆ ಎಲ್ಲರಿಗೂ’ ಅಂದ್ಬಿಟ್ಟೆ.”

“ಅವರೇನಂದ್ರು?”

“ಕಣ್ಣಲ್ಲಿ ನೀರು ಹಾಕ್ಕೊಂಡ್ರು ಕಣ್ರೀ! ಇಂಥ ಯೋಚನೆ ಯಾವ ನಗರಸಭೇಲೂ ಬಂದಿಲ್ಲ ಅಂದ್ರು. ಪಕ್ಕದೂರಿನೋರೆಲ್ಲ ನೋಡೋಕೆ ಬರ್ತಿದಾರಂತೆ. ಈಗ ತಪ್ಪಾಯ್ತು ಅಂದ್ರೆ ನೀವೂ ನಾನೂ ಸೈಕಲ್ ಸ್ಟ್ಯಾಂಡ್ ಕಾಯ್ಬೇಕಾಗುತ್ತೆ. ನಿಯಮ ಮುಟ್ಟಿದ್ರೆ ನೋಡಿ!”

ಮರುದಿನದಿಂದ ಆಯುಕ್ತರು ಹೋದಲ್ಲೆಲ್ಲ ‘ನಾಯಿಯೊಡನೆ ಸಮಾನತೆ’ ಎಂದು ಭಾಷಣ ಮಾಡತೊಡಗಿದರು. ಅವರ ಮನೆಯಲ್ಲಿ ನಾಯಿ ಇರಲಿಲ್ಲ ಎಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು.

ಆ ಸಂಜೆ ಒಂದುವೇಳೆ ಮನೆಗೆ ಬಂದಾಗ ಅವನ ನೋಟಿಸು ಅವನಿಗಿಂತ ಮುಂಚೆ ಬಂದಿತ್ತು. ಹೆಂಡತಿ ಅದನ್ನು ಹಿಡಿದು ಬಾಗಿಲಲ್ಲೇ ನಿಂತಿದ್ದಳು.

“ಇದೇನ್ರೀ ಇದು? ಅಮ್ಮನಿಗೆ ಬೆಲ್ಟು? ನಂಗೆ ಕುಕ್ಕೆ? ಬರೆದೋರಿಗೆ ತಲೆ ಕೆಟ್ಟಿದೆಯಾ?”

“ಬಾಯ್ಮುಚ್ಚೇ!” ಅತ್ತೆಯ ಧ್ವನಿ ಗೋಡೆ ದಾಟಿ ಬಂತು. “ಬರೆದಿರೋರು ನಮ್ಮ ಅಳಿಯಂದ್ರು. ಅವರು ಬರೆದಿದಾರೆ ಅಂದ್ಮೇಲೆ ಅದರಲ್ಲಿ ಏನೋ ಇದ್ದೇ ಇರುತ್ತೆ. ನಿಂಗೆ ಅರ್ಥ ಆಗಲ್ಲ.”

“ನಾನಂತೂ ಹಾಕ್ಕೊಳ್ಳಲ್ಲ.”

“ಬೇಡ ಬಿಡು. ದೊರೆ ವ್ಯಾನ್ ಹತ್ತೋ ಹಾಗಾದ್ರೆ ನಾನೂ ಜೊತೇಲಿ ಹತ್ತಿ ಹೋಗ್ತೀನಿ. ಆಮೇಲೆ ಇಬ್ರೂ ನೆಮ್ಮದಿಯಾಗಿರಿ.”

ಮರುದಿನ ಅತ್ತೆ ಕೆಂಪು ಬೆಲ್ಟು ಧರಿಸಿ ಬೀದಿಗೆ ಬಂದರು. ಬಿಲ್ಲೆ ಇರುವಂಥದ್ದು. ಡಾಕ್ಟರ ಹತ್ತಿರ ಹೋಗಿ ಮೊಳೆ ಚುಚ್ಚಿದವರಿಗೆ ಹಾಕುವ ಚುಚ್ಚುಮದ್ದು ಹಾಕಿಸಿಕೊಂಡು ಚೀಟಿ ತಂದರು. ಕುಕ್ಕೆಯನ್ನು ಮಾತ್ರ, ಮಾತಿಗೆ ಅಡ್ಡಿಯಾಗುತ್ತದೆಂದು, ಬೆಲ್ಟಿಗೇ ಸಿಕ್ಕಿಸಿಕೊಂಡಿದ್ದರು. ಮೂರನ್ನೂ ನಮ್ಮ ಕೌಂಟರಿಗೆ ಬಂದು ಖುದ್ದಾಗಿ ದಾಖಲು ಮಾಡಿಸಿದರು. ದಾಖಲು ಮಾಡಿದವನು ನಾನು, ಒಂದುವೇಳೆ ಮೇಜಿನ ಕೆಳಗೆ ಪೆನ್ನು ಹುಡುಕುತ್ತಿದ್ದ.

ಸಂಜೆ ಅವನು ಬಾಯಿ ಬಿಟ್ಟದ್ದು ನನಗೆ ಕೇಳಿಸಿತು.

“ಅತ್ತೆ, ಅದನ್ನ ತೆಗೆದುಬಿಡಿ.”

“ಯಾಕೆ? ಚೆನ್ನಾಗಿ ಕಾಣ್ತಿಲ್ವಾ?”

“ಹಾಗಲ್ಲ. ಒಂದು ವೇಳೆ…”

“ನಿಮ್ಮಿಂದ ನಾನು ಬೀದೀಲಿ ತಲೆಯೆತ್ತಿ ಓಡಾಡ್ತಿದೀನಿ ಕಣ್ರೀ. ಬೆಲ್ಟು ಹಾಕ್ಕೊಂಡ್ರೆ ತಲೆ ತಗ್ಗಿಸೋಕೂ ಆಗಲ್ಲ ಅನ್ನಿ, ಚುಚ್ಚುತ್ತೆ. ಇರ್ಲಿ, ತಟ್ಟೆ ಹಿಡೀರಿ.”

ಎರಡನೇ ಸೌಟು ಬಿತ್ತು. ಒಂದುವೇಳೆ ಅದನ್ನು ಮುಟ್ಟದೆ ಎದ್ದು ಕೈತೊಳೆದ. ಗೋಡೆಯಾಚೆ ಕೂತಿದ್ದ ನನಗೂ ನಿಜವಾಗಿ ಸಂಕಟವಾಯಿತು.

ಕೊನೆಯ ದಿನ ಬಂತು. ವ್ಯಾನು ನಗರಸಭೆಯ ಅಂಗಳದಲ್ಲಿ ನಿಂತಿತ್ತು. ವ್ಯಾನಿನ ಚಾಲಕ ನಮ್ಮ ಕೋಣೆಯ ಬಾಗಿಲಿಗೆ ಒರಗಿ, ಕೆಂಪಾದ ಮನೆಗಳ ವಿಳಾಸಕ್ಕೆ ಕಾಯುತ್ತಿದ್ದ. ಅಷ್ಟರಲ್ಲಿ ಅತ್ತೆ ಬಂದರು. ಕೊರಳಲ್ಲಿ ಕೆಂಪು ಬೆಲ್ಟು, ಕಂಕುಳಲ್ಲಿ ದೊರೆ. ಅವರ ಹಿಂದೆ, ಅಯ್ಯೋ, ಷಡ್ಡಕ. ಆತನ ಕಾರಿನಲ್ಲೇ ಬಂದಿದ್ದರು.

“ನಮ್ಮ ಮನೆ ಕಡತ ನೋಡಿ,” ಎಂದರು ಅತ್ತೆ.

ಒಂದುವೇಳೆ ಗುಂಡಿ ಒತ್ತಿದ. ಕೆಂಪು. ದೊರೆ ಸರಿ, ಅತ್ತೆ ಸರಿ. ಹೆಂಡತಿಗೆ ಇಲ್ಲ, ಅವನಿಗೂ ಇಲ್ಲ.

“ನಂಗೊತ್ತಿತ್ತು, ನೀವು ಬೇರೆಯವರ ಕೆಲಸದಲ್ಲಿ ನಿಮ್ಮದನ್ನ ಮರೆತಿರ್ತೀರಿ ಅಂತ.” ಅತ್ತೆ ಚೀಲದಿಂದ ನೀಲಿ ಬೆಲ್ಟೊಂದನ್ನು ತೆಗೆದರು. “ತಗೊಳ್ಳಿ. ನಿಮ್ಮ ಬಣ್ಣಕ್ಕೆ ನೀಲಿ ಒಪ್ಪುತ್ತೆ ಅಂತ ಹುಡುಕಿ ತಂದೆ. ಅವಳಿಗೆ ನಾನು ರಾತ್ರಿ ನಿದ್ದೇಲಿ ಕಟ್ಟಿಬಿಡ್ತೀನಿ, ಈಗ ಇದೆ ಅಂತ ಬರ್ಕೊಳ್ಳಿ.”

“ಚುಚ್ಚುಮದ್ದು ಬೇಕಲ್ಲ,” ಎಂದ ಚಾಲಕ. “ಇಲ್ಲ ಅಂದ್ರೆ ನಾಯಿ ಕೊಡಿ, ನಂಗಿನ್ನೂ ತುಂಬಾ ಬೀದಿ ಇದೆ.”

ಆತ ಕೈಚಾಚಿದ. ದೊರೆ ತನ್ನ ಒಂದು ಕಣ್ಣಿನಿಂದ ಆ ಕೈ ನೋಡಿ, ಮುಖವನ್ನು ಅತ್ತೆಯ ಸೆರಗಿನೊಳಗೆ ಹುದುಗಿಸಿತು. ಅತ್ತೆ ಒಂದುವೇಳೆಯ ಮುಖ ನೋಡಿದರು. ಷಡ್ಡಕನೂ ನೋಡಿದ. ನೀಲಿ ಬೆಲ್ಟು ಮೇಜಿನ ಮೇಲೆ ಬಿದ್ದಿತ್ತು.

ಒಂದುವೇಳೆ ಎದ್ದು ನಿಂತ. ತಲೆ ಮೆಟ್ಟಿಲಿಗೆ ಧಡ್ಡನೆ ಬಡಿಯಿತು, ಲೆಕ್ಕಿಸಲಿಲ್ಲ.

“ಅತ್ತೆ, ತಪ್ಪು ನನ್ನದು. ನಂಗೆ ಎಕ್ಸ್‌ಎಮ್‌ಎಲ್ ಗೊತ್ತಿರಲಿಲ್ಲ, ಇವರ ಮುಂದೆ ಸುಮ್ನೆ ಜಂಬ ಕೊಚ್ಚಿದೆ. ಆಮೇಲೆ ಕಲಿತೆ, ಕಲಿತು ಕೆಡಿಸಿದೆ. ನಾಯಿಗೆ ಇರಬೇಕಾದ ನಿಯಮ ಮನೆಗೆಲ್ಲ ಕಟ್ಟಿದೆ. ನಿಮ್ಮ ಕತ್ತಲ್ಲಿರೋ ಬೆಲ್ಟಿಗೆ ಯಾವ ಅರ್ಥನೂ ಇಲ್ಲ. ತೆಗೆದುಬಿಡಿ.”

ಇಷ್ಟು ಮಾತಿನಲ್ಲಿ ಒಂದು ಕಡೆಯೂ ‘ಒಂದು ವೇಳೆ’ ಇರಲಿಲ್ಲ ಎಂಬುದನ್ನು ಗಮನಿಸಿದವನು ನಾನೊಬ್ಬನೇ ಇರಬೇಕು. ಷಡ್ಡಕ ನಗಲು ಬಾಯಿ ತೆರೆದ, ಅತ್ತೆಯ ಮುಖ ನೋಡಿ ಮುಚ್ಚಿದ. ಬಾಗಿಲಲ್ಲಿ ಕಾಣಿಸಿಕೊಂಡ ಮೇಲಧಿಕಾರಿ, “ರೀ, ರೀ, ರೀ!” ಎನ್ನುತ್ತ ಹತ್ತಿರದ ಕುರ್ಚಿಯಲ್ಲಿ ಕುಸಿದರು. ಆ ಕುರ್ಚಿಯ ಕಾಲು ಮುರಿದಿದೆ ಎಂದು ಯಾರೂ ಅವರಿಗೆ ಹೇಳಿರಲಿಲ್ಲ, ಹಾಗಾಗಿ ಮುಂದಿನ ಭಾಗವನ್ನು ಅವರು ನೆಲದಿಂದ ನೋಡಿದರು.

ಒಂದುವೇಳೆ ನಿಯಮದ ಕಡತ ತೆರೆದ. ಷರತ್ತನ್ನು ಮನೆಯಿಂದ ಬಿಚ್ಚಿದ, ಜೀವಿಗೆ ಕಟ್ಟಿದ. ಜೀವಿ ನಾಯಿಯಾದರೆ ಮೂರೂ ಇರಬೇಕು. ನಾಯಿ ಅಲ್ಲದಿದ್ದರೆ ಮೂರೂ ಇರಕೂಡದು. ಗುಂಡಿ ಒತ್ತಿದ.

ಕೆಂಪು!

‘ಜೀವಿ: ಅತ್ತೆ. ಬಗೆ: ಮನುಷ್ಯ. ಚುಚ್ಚುಮದ್ದು, ಬೆಲ್ಟು, ಕುಕ್ಕೆ ಇವೆ. ಇರಕೂಡದು.’

ಈಗ ನಿಯಮ ಸರಿಯಾಗಿತ್ತು, ತಪ್ಪಾಗಿದ್ದದ್ದು ಅತ್ತೆ.

“ಅಳಿಸಿ ಹಾಕಿ ಆ ಮೂರನ್ನ,” ಎಂದ ಷಡ್ಡಕ, ಲಿಫ್ಟಿನ ಗುಂಡಿ ಒತ್ತಿದಷ್ಟು ಸುಲಭವಾಗಿ.

“ಒಂದು ಸಲ ದಾಖಲಾದ ಚುಚ್ಚುಮದ್ದನ್ನ ಅಳಿಸೋಕೆ ಆಯುಕ್ತರ ಸಹಿ ಬೇಕು,” ಎಂದೆ ನಾನು. “ಆಯುಕ್ತರು ಪಕ್ಕದೂರಿನೋರ ಜೊತೆ ಊಟಕ್ಕೆ ಹೋಗಿದಾರೆ.”

“ಹಾಗಾದ್ರೆ ನಾಯಿ ಕೊಡಿ,” ಎಂದ ಚಾಲಕ.

ಅತ್ತೆ ಆತನ ಕೈಗೆ ತಮ್ಮ ಚೀಲ ಕೊಟ್ಟು, ಇದನ್ನ ಸ್ವಲ್ಪ ಹಿಡ್ಕೊಳ್ಳಿ ಎಂದು ಪರದೆಯ ಹತ್ತಿರ ಬಂದರು. ಕಣ್ಣು ಕಿರಿದು ಮಾಡಿ ನೋಡಿದರು.

“ಬೆಲ್ಟು ಅಳಿಸೋಕೆ ಆಗಲ್ಲ. ಸರಿ. ಈ ‘ಬಗೆ: ಮನುಷ್ಯ’ ಅಂತಿದೆಯಲ್ಲ, ಅದನ್ನ ಬದಲಾಯಿಸೋಕೆ ಆಗುತ್ತಾ?”

“ಅದಾಗುತ್ತೆ,” ಎಂದ ಒಂದುವೇಳೆ. “ಜನ ಬೆಕ್ಕಿನ ಬದಲು ಗಿಳಿ ಅಂತ ಒತ್ತಿರ್ತಾರೆ, ಅದಕ್ಕೇ ಬಿಟ್ಟಿದೀವಿ.”

“ಹಾಗಾದ್ರೆ ನಾಯಿ ಅಂತ ಮಾಡಿ.”

“ಅತ್ತೆ!”

“ಮಾಡಿ ಅಂದೆ.”

“ನಿಮ್ಮನ್ನ ನಾನು ನಾಯಿ ಅಂತ ಹೇಗೆ ಬರೀಲಿ? ನನ್ನ ಕೈ ಬರಲ್ಲ.”

“ದೊರೆ ಆ ವ್ಯಾನ್ ಹತ್ತಿದ್ರೆ ನಾನು ನಿಮ್ಮನ್ನ ಏನಂತ ಕರೀತೀನಿ ಅಂತ ಯೋಚನೆ ಮಾಡಿ, ಕೈ ತಾನಾಗೇ ಬರುತ್ತೆ.”

ಬಂತು. ಒಂದುವೇಳೆ ಕಣ್ಣು ಮುಚ್ಚಿಕೊಂಡು ಮನುಷ್ಯ ಎಂಬುದನ್ನು ನಾಯಿ ಮಾಡಿದ. ಗುಂಡಿ ಒತ್ತುವ ಮುಂಚೆ ಎಲ್ಲರೂ ಅತ್ತೆಯ ಕಡೆ ನೋಡಿದೆವು. ಅವರು ಬೆಲ್ಟು ಸರಿಪಡಿಸಿಕೊಂಡು ಫೋಟೋಗೆ ನಿಂತವರಂತೆ ನಿಂತರು. ಗುಂಡಿ ಒತ್ತಿದ.

ಹಸಿರು.

ಅತ್ತೆ ಕಂಕುಳಲ್ಲಿದ್ದ ದೊರೆಯನ್ನು ಮೇಲೆತ್ತಿ, ಅದರ ಕೇಳಿಸುವ ಕಿವಿಯಲ್ಲಿ, “ನಡಿ ಮನೆಗೆ” ಎಂದರು. ಒಂದುವೇಳೆಯ ಕಡೆ ತಿರುಗಿಯೂ ನೋಡಲಿಲ್ಲ. ಚೀಲವನ್ನು ಚಾಲಕನ ಕೈಯಿಂದ ಕಿತ್ತುಕೊಂಡು ಹೊರಟೇಬಿಟ್ಟರು. ಒಂದುವೇಳೆ ನೀಲಿ ಬೆಲ್ಟನ್ನು ಕೈಯಲ್ಲಿ ಹಿಡಿದು ಮಂಕಾಗಿ ಕೂತ. “ಇನ್ನು ಆ ಮನೇಲಿ ನಂಗೆ ಮೊದಲನೇ ಸೌಟೂ ಅನುಮಾನ” ಎಂದ.

ಊರಿನದು ಹೇಗೋ ಸರಿಹೋಯಿತು. ಬೆಲ್ಟು ಧರಿಸಿದ ಮನುಷ್ಯರೆಲ್ಲ ಒಮ್ಮೆಗೇ ಕೆಂಪಾದಾಗ ಮೇಲಧಿಕಾರಿ, “ಸರ್, ಇದು ಯೋಜನೆಯ ಎರಡನೇ ಹಂತ, ಮನುಷ್ಯರಿಗೆ ಬಿಡುಗಡೆ” ಎಂದರು. ಊಟ ಮುಗಿಸಿ ಬಂದ ಆಯುಕ್ತರು ಇನ್ನೊಮ್ಮೆ ಕಣ್ಣೊರೆಸಿಕೊಂಡು, ವ್ಯಾನು ಅಂಗಳ ಬಿಡುವ ಮುಂಚೆಯೇ ಒಂದೇ ಸಹಿಯಲ್ಲಿ ನಗರದ ಎಲ್ಲ ಮನುಷ್ಯರ ಬೆಲ್ಟು ಅಳಿಸಿದರು. ಹೆಡ್‌ಮಾಸ್ತರರು ಕುಕ್ಕೆಯನ್ನು ಹಿಂದಿರುಗಿಸಲು ಹೋದಾಗ ಅವರ ಹೆಂಡತಿ ಬಿಡಲಿಲ್ಲ. ಅಂಗಡಿಯವನು ಕನ್ನಡಿ ಮಾರಿದ. ಮನುಷ್ಯರದೆಲ್ಲ ಅಳಿಸಿದ ಆ ಸಹಿ ಅತ್ತೆಯನ್ನು ಮಾತ್ರ ಮುಟ್ಟಲಿಲ್ಲ, ಅವರು ಮನುಷ್ಯರ ಲೆಕ್ಕದಲ್ಲಿ ಇರಲಿಲ್ಲವಲ್ಲ. ಮುಂದಿನ ವಾರ ನಗರಸಭೆಯ ಆಳು ಬಂದು ಅವರ ಗೇಟಿಗೆ ಹೊಸ ಫಲಕ ಜಡಿದು ಹೋದ: ‘ಎಚ್ಚರಿಕೆ! ಈ ಮನೆಯಲ್ಲಿ ಎರಡು ನಾಯಿಗಳಿವೆ.’

ಭಾನುವಾರ ಷಡ್ಡಕ ಊಟಕ್ಕೆ ಬಂದ. ನಾನೂ ಉಪ್ಪು ಕೇಳುವ ನೆಪದಲ್ಲಿ ಅಲ್ಲೇ ಇದ್ದೆ. ಆತ ಗೇಟಿನಲ್ಲಿ ನಿಂತು, ಫಲಕ ಓದಿ, ಬೀದಿಗೆಲ್ಲ ಕೇಳಿಸುವಂತೆ ಕೂಗಿದ.

“ಒಳಗೆ ಬರಬಹುದಾ? ಎರಡನ್ನೂ ಕಟ್ಟಿದೀರಾ?”

“ಒಂದನ್ನ ಕಟ್ಟಿದೀವಿ,” ಅಡುಗೆಮನೆಯಿಂದ ಅತ್ತೆಯ ಉತ್ತರ ಬಂತು. “ಇನ್ನೊಂದು ಬಡಿಸ್ತಾ ಇದೆ. ಬಾಯಿ ಮುಚ್ಕೊಂಡು ಬಂದ್ರೆ ಕಚ್ಚಲ್ಲ.”

ಷಡ್ಡಕ ಬಾಯಿ ಮುಚ್ಚಿಕೊಂಡು ಬಂದ, ಬಾಯಿ ಮುಚ್ಚಿಕೊಂಡು ಕೂತ. ಲಿಫ್ಟಿನ ಮಾತು ಎತ್ತಲಿಲ್ಲ. ಎಲ್ಲರ ತಟ್ಟೆಗೂ ಒಂದೊಂದು ಸೌಟು ಬಿತ್ತು. ಒಂದುವೇಳೆ ತಲೆ ತಗ್ಗಿಸಿ ಬೇಗ ಬೇಗ ಉಂಡು, ತಟ್ಟೆ ಎತ್ತಿಕೊಂಡು ಏಳಲು ಹೊರಟ.

“ಕೂತ್ಕೊಳ್ಳಿ,” ಎಂದರು ಅತ್ತೆ. “ಇನ್ನಷ್ಟು ಬೇಕಾ?”

“ಒಂದು ವೇಳೆ ಉಳಿದಿದ್ರೆ…”

ಅವನ ಮಾತು ಮುಗಿಯುವ ಮುಂಚೆಯೇ ಎರಡನೇ ಸೌಟು ಬಿದ್ದಿತ್ತು.